ಹೋಗಿ ಬರುತ್ತೇನೆ ಎನ್ನುವ ಕಂಪ್ಯೂಟರ್

“ಹೋಗು ಎಂದರೆ ಹೋಗಿ ಬರುತ್ತದೆ, ಅದೊಂದೇ ಇದರ ರೋಗ,” ಎಂದು ರಾಯರು ಕಾಫಿಯ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೇಜಿನ ಕೆಳಗಿದ್ದ ರೋಗಿಯತ್ತ ಕೈ ತೋರಿಸಿದರು. “ಶಟ್ ಡೌನ್ ಒತ್ತುತ್ತೇನೆ, ಪರದೆ ಕಪ್ಪಾಗುತ್ತದೆ. ಶಾರದಾ ಹೊಲಿದ ಹೊದಿಕೆಯನ್ನು ಹೊದಿಸೋಣವೆಂದು ನಾನು ಬಗ್ಗುವಷ್ಟರಲ್ಲಿ ಫ್ಯಾನು ಗುರ್ರೆಂದು ತಿರುಗಿ, ಪಾಸ್‌ವರ್ಡ್ ಏನು ಎಂದು ನನ್ನನ್ನೇ ಕೇಳುತ್ತ ನಿಂತಿರುತ್ತದೆ. ಹದಿನೈದು ದಿನಗಳಿಂದ ಈ ಮನೆಯಲ್ಲಿ ನಾನು ಮಲಗಿದ್ದೇನೆ, ಅದು ಮಲಗಿಲ್ಲ.”

“ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ, ಸರಿಹೋಗುತ್ತದೆ,” ಎಂದು ಕೃಷ್ಣಮೂರ್ತಿ ತನ್ನ ಅಭ್ಯಾಸದಂತೆ ಹೇಳಿದ.

ಮೇಷ್ಟರು ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿದರು. ಕುವೆಂಪುನಗರದ ಆ ವರಾಂಡದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

“ಕೃಷ್ಣಮೂರ್ತಿ, ನೀನು ಭೇದಿಯಾದವನಿಗೆ ಹರಳೆಣ್ಣೆ ಕುಡಿಸುವ ವೈದ್ಯ,” ಎಂದು ಶೇಷಣ್ಣ ಶುರುಮಾಡಿದ. “ಟಿವಿಯಲ್ಲಿ ಚಿತ್ರ ಬರದಿದ್ದರೆ ರೀಸ್ಟಾರ್ಟ್ ಮಾಡಿ, ಫೋನು ಬಿಸಿಯಾದರೆ ರೀಸ್ಟಾರ್ಟ್ ಮಾಡಿ, ಲಿಫ್ಟು ನಡುವೆ ನಿಂತರೆ ರೀಸ್ಟಾರ್ಟ್ ಮಾಡಿ ಎಂದು ನಾವು ಎಷ್ಟೋ ವರ್ಷಗಳಿಂದ ಕಂಡ ಕಂಡ ಯಂತ್ರಕ್ಕೆಲ್ಲ ಇದೊಂದೇ ಮಂತ್ರವನ್ನು ಉಪದೇಶಿಸುತ್ತ ಬಂದಿದ್ದೇವೆ, ಯಾವುದೋ ಒಂದು ಯಂತ್ರ ಅದನ್ನು ಶ್ರದ್ಧೆಯಿಂದ ಕಲಿತು ತಾನೇ ಜಪ ಮಾಡತೊಡಗಿದರೆ ಅದಕ್ಕೆ ರೋಗವೆಂದು ಹೆಸರಿಡುವುದು ನ್ಯಾಯವೇ? ನನ್ನ ಪ್ರಕಾರ ಇದಕ್ಕೆ ರೋಗವಿಲ್ಲ, ಸಂಸ್ಕಾರವಿದೆ. ರಾಯರ ಮನೆಯಲ್ಲಿ ಬೆಳೆದ ಕಂಪ್ಯೂಟರ್ ಇದು. ಈ ಮನೆಯ ಹೊಸ್ತಿಲು ದಾಟುವ ಯಾರಾದರೂ ‘ಹೋಗುತ್ತೇನೆ’ ಎಂದು ಹೇಳಿದ್ದನ್ನು ನೀವು ಕೇಳಿದ್ದೀರಾ? ‘ಹೋಗಿ ಬರುತ್ತೇನೆ’ ಎನ್ನಬೇಕು. ಇದು ಬಾಯಲ್ಲಿ ಹೇಳಲಾರದೆ ಮಾಡಿ ತೋರಿಸುತ್ತಿದೆ.”

“ಹೋಗಿ ಬರುತ್ತೇನೆ ಎಂದವರು ಎಲ್ಲಿಗಾದರೂ ಹೋಗುವುದುಂಟಷ್ಟೆ,” ಎಂದರು ಮೇಷ್ಟರು.

“ನೀವು ಹೋಗುತ್ತೀರಾ, ಮೇಷ್ಟರೇ? ರಾತ್ರಿ ಎಂಟಕ್ಕೆ ‘ಬರುತ್ತೇನೆ’ ಎಂದು ಎದ್ದು, ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡು ಒಂಬತ್ತರವರೆಗೆ ಪಿಂಚಣಿಯ ಮಾತಾಡುತ್ತೀರಿ. ಇದು ನಿಮಗಿಂತ ಪ್ರಾಮಾಣಿಕ. ಐದೇ ಸೆಕೆಂಡಿನಲ್ಲಿ ಒಳಗೆ ಬಂದು ಕುಳಿತುಕೊಳ್ಳುತ್ತದೆ.”

ಶಾರದಮ್ಮ ಎರಡನೆಯ ಸುತ್ತಿನ ಕಾಫಿಯೊಂದಿಗೆ ಬಂದವರು, “ಶೇಷಣ್ಣ ಹೇಳುವುದು ಸರಿ. ಇವರು ದೀಪ ಹಚ್ಚುವ ಹೊತ್ತಿನಲ್ಲಿ ‘ಆಫ್ ಮಾಡು, ಆರಿಸು’ ಎಂದು ಕೂಗುತ್ತಾರೆ. ನಾನು ಎಷ್ಟು ಸಲ ಹೇಳಿದ್ದೇನೆ, ಹಾಗೆನ್ನಬೇಡಿ, ಕಂಪ್ಯೂಟರ್ ದೊಡ್ಡದು ಮಾಡಿ ಎನ್ನಿ ಎಂದು,” ಎಂದು ಲೋಟಗಳನ್ನು ಇಟ್ಟು ಒಳಗೆ ಹೋದರು. ದೀಪವನ್ನು ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ, ಬಳೆ ಒಡೆಯಿತು ಎನ್ನದೆ ಹೆಚ್ಚಿತು ಎನ್ನುವ ಭಾಷೆಯಲ್ಲಿ ಶಟ್ ಡೌನ್ ಎಂಬ ಒರಟು ಮಾತಿಗೆ ಜಾಗವಾದರೂ ಎಲ್ಲಿದೆ ಎಂದು ಮೇಷ್ಟರು ಅರ್ಧ ಗಂಟೆಯ ಉಪನ್ಯಾಸಕ್ಕೆ ಸಿದ್ಧರಾಗುತ್ತಿದ್ದರು. ರಾಯರು ಅವರ ತಟ್ಟೆಗೆ ಇನ್ನೆರಡು ಚಕ್ಕುಲಿ ಹಾಕಿ ಅಪಾಯವನ್ನು ತಪ್ಪಿಸಿದರು.

“ಮೊದಲು ಕಳ್ಳನನ್ನು ಹಿಡಿಯೋಣ,” ಎಂದು ಶೇಷಣ್ಣ ಕನ್ನಡಕ ಏರಿಸಿಕೊಂಡು ಪರದೆಯ ಮುಂದೆ ಕುಳಿತ. “ವಿಂಡೋಸಿನಲ್ಲಿ ಒಂದು ಏರ್ಪಾಟಿದೆ. ಒಳಗೆ ಏನಾದರೂ ಕುಸಿದು ಬಿದ್ದರೆ ಅದು ತಪ್ಪೇನೆಂದು ಹೇಳುವ ಆ ನೀಲಿ ಪರದೆಯನ್ನು ನಮಗೆ ಓದಲು ಬಿಡದೆ, ಏನೂ ಆಗಿಲ್ಲವೆನ್ನುವಂತೆ ತಾನಾಗಿ ಮತ್ತೆ ಶುರುವಾಗುತ್ತದೆ. ಹೊರಡುವ ಗಳಿಗೆಯಲ್ಲಿ ಯಾವುದೋ ಡ್ರೈವರ್, ಅಂದರೆ ಬಿಡಿಭಾಗವೊಂದನ್ನು ನಡೆಸುವ ತಂತ್ರಾಂಶ, ಎಡವಿ ಬಿದ್ದರೂ ಹೀಗೇ ಆಗುತ್ತದೆ. ಅಂದರೆ ಶವವನ್ನು ಅಡಗಿಸಿ ಮದುವೆ ಮುಂದುವರಿಸುವ ಮನೆ. ಸಿಸ್ಟಮ್ ಪ್ರಾಪರ್ಟೀಸಿನ ಅಡ್ವಾನ್ಸ್ಡ್ ಪುಟದಲ್ಲಿ, ಸ್ಟಾರ್ಟಪ್ ಅಂಡ್ ರಿಕವರಿಯ ಕೆಳಗೆ, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಟಿಕ್ ತೆಗೆದರೆ ಶವ ಅಲ್ಲೇ ಕಾಣಿಸುತ್ತದೆ.”

ತೆಗೆದರು. ಶಟ್ ಡೌನ್ ಒತ್ತಿದರು. ಪರದೆ ಕಪ್ಪಾಯಿತು. ನಾಲ್ವರೂ ಶವಕ್ಕಾಗಿ ಕಾದರು. ನೀಲಿ ಪರದೆ ಬರಲಿಲ್ಲ, ಕಂಪ್ಯೂಟರ್ ಬಂತು.

ಶೇಷಣ್ಣ ಈವೆಂಟ್ ವ್ಯೂವರ್ ತೆಗೆದು, ಯಂತ್ರ ತಾನೇ ಬರೆದುಕೊಳ್ಳುವ ಆ ದಿನಚರಿಯ ಸಾಲುಗಳ ಮೇಲೆ ಬೆರಳಾಡಿಸಿದ. “41ನೆಯ ಸಂಖ್ಯೆ ಇದ್ದರೆ ಹೇಳದೆ ಕೇಳದೆ ಎದ್ದು ಹೋದವರ ಖಾತೆ. ಅದಿಲ್ಲ. 1074 ಇದೆ, ಅಂದರೆ ಯಾರೋ ಹೊರಡು ಎಂದು ಹೇಳಿದ್ದಾರೆ, ಅದು ರಾಯರೇ. 6006 ಇದೆ, ಅಂದರೆ ಲೆಕ್ಕದ ಪುಸ್ತಕ ಮುಚ್ಚಿ ಶಿಸ್ತಿನಿಂದ ಹೊರಟಿದೆ. ಹೊರಟಿದ್ದರಲ್ಲಿ ತಪ್ಪಿಲ್ಲ, ಬಂದದ್ದರಲ್ಲಿದೆ.”

“ಹಾಗಾದರೆ ಫಾಸ್ಟ್ ಸ್ಟಾರ್ಟಪ್ ಇರಬೇಕು. ನನ್ನ ತಂಗಿಯ ಮಗ ಯಾವಾಗಲೂ ಅದನ್ನೇ ಬೈಯುತ್ತಾನೆ,” ಎಂದ ಕೃಷ್ಣಮೂರ್ತಿ.

ಈ ಹೆಸರು ಕಿವಿಗೆ ಬಿದ್ದದ್ದೇ ತಡ, ಶೇಷಣ್ಣನ ಹಳೆಯ ಗಾಯ ಬಿರಿಯಿತು. “2012ರಲ್ಲಿ ವಿಂಡೋಸ್ 8ರ ಜೊತೆಗೆ ಬಂದ ಹಾವಳಿ ಅದು. ಅಂದಿನಿಂದ ಶಟ್ ಡೌನ್ ಎಂಬ ಗುಂಡಿ ಸುಳ್ಳು ಹೇಳುತ್ತಿದೆ, ನಿಮಗೆ ಗೊತ್ತೇ? ಅದು ತೆರೆದಿದ್ದ ಕಡತಗಳನ್ನೆಲ್ಲ ಮುಚ್ಚುತ್ತದೆ, ಆದರೆ ತನ್ನ ಹೊಟ್ಟೆಯೊಳಗಿನ ಕರ್ನಲ್ ಎಂಬ ತಿರುಳನ್ನು ಹಾಗೆಯೇ ಹೈಬರ್‌ಫಿಲ್ ಎಂಬ ಕಡತಕ್ಕೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಬೇಗ ಏಳಬಹುದೆಂದು. ಪೂರ್ತಿಯಾಗಿ ಎಲ್ಲವನ್ನೂ ಕೊಡವಿಕೊಂಡು ಹೊಸದಾಗಿ ಏಳಬೇಕೆಂದರೆ ಒತ್ತಬೇಕಾದ ಗುಂಡಿ ಯಾವುದು? ರೀಸ್ಟಾರ್ಟ್! ಮುಚ್ಚು ಎಂದರೆ ಅರ್ಧ ಮುಚ್ಚುತ್ತದೆ, ಮುಚ್ಚಿ ತೆರೆ ಎಂದರೆ ಪೂರ್ತಿ ಮುಚ್ಚುತ್ತದೆ. ನಿವೃತ್ತಿಯ ಸನ್ಮಾನದ ಶಾಲನ್ನು ಮಡಿಸುವ ಮೊದಲೇ ಸಲಹೆಗಾರನಾಗಿ ಅದೇ ಕುರ್ಚಿಗೆ ಮರಳುವ ಅಧಿಕಾರಿಯೂ ಇಷ್ಟು ನಾಜೂಕಾಗಿ ನಡೆದುಕೊಳ್ಳುವುದಿಲ್ಲ.”

“ಬೇಗ ಏಳುವುದು ಒಳ್ಳೆಯದಲ್ಲವೇ?” ಎಂದು ರಾಯರು ಅನುಮಾನದಿಂದ ಕೇಳಿದರು.

“ನಿಮಗೆ ಏನು ಅವಸರ, ರಾಯರೇ? ನೀವು ನೋಡುವುದು ಪಂಚಾಂಗ ಮತ್ತು ಕರೆಂಟ್ ಬಿಲ್ಲು.”

ಪವರ್ ಆಪ್ಷನ್ಸಿಗೆ ಹೋಗಿ, ಬೂದು ಬಣ್ಣದಲ್ಲಿ ಮೊಂಡುಬಿದ್ದು ಕುಳಿತಿದ್ದ ಆ ಆಯ್ಕೆಯನ್ನು ಎಬ್ಬಿಸಿ, ಟಿಕ್ ತೆಗೆದು, ಮತ್ತೆ ಶಟ್ ಡೌನ್ ಒತ್ತಿದರು. ಈ ಸಲ ಶೇಷಣ್ಣ ಮೊಣಕಾಲು ಲಟಕ್ಕೆನ್ನಿಸಿ ನೆಲಕ್ಕೆ ಕುಳಿತು ಸಿಪಿಯು ಪೆಟ್ಟಿಗೆಯ ಮೈಮೇಲೆ ಅಂಗೈ ಊರಿ ಎಣಿಸತೊಡಗಿದ. ಫ್ಯಾನಿನ ಸದ್ದು ಸಣ್ಣದಾಗುತ್ತ ನಿಂತಿತು. ಮುಂದಿನ ದೀಪ ಆರಿತು. ತಗಡಿನ ನಡುಕ ಅಂಗೈಯಡಿಯಲ್ಲಿ ಇಲ್ಲವಾಯಿತು. ಎರಡು, ಮೂರು, ನಾಲ್ಕು. ಐದಕ್ಕೆ ಒಳಗೆ ಟಿಕ್ ಎಂದಿತು, ತಗಡು ಮತ್ತೆ ನಡುಗಿತು.

“ಸಿಕ್ಕಿತು!” ಎಂದು ಅವನು ಕೆಳಗಿನಿಂದಲೇ ಕೂಗಿದ. “ಇದು ರೀಸ್ಟಾರ್ಟ್ ಅಲ್ಲವೇ ಅಲ್ಲ. ರೀಸ್ಟಾರ್ಟಿನಲ್ಲಿ ಸಾಮಾನ್ಯವಾಗಿ ದೀಪ ಆರಿ ಇಷ್ಟು ಹೊತ್ತು ಉಸಿರು ನಿಲ್ಲುವುದಿಲ್ಲ. ಇದು ನಿಜವಾಗಿ ಮಲಗಿತ್ತು. ಮಲಗಿದ್ದನ್ನು ಯಾರೋ ಎಬ್ಬಿಸುತ್ತಿದ್ದಾರೆ.”

ರಾಯರು ಒಮ್ಮೆ ಗೋಡೆಯ ಮೇಲಿನ ತಮ್ಮ ತಂದೆಯವರ ಚಿತ್ರವನ್ನು ನೋಡಿದರು.

“ಗಾಬರಿಯಾಗಬೇಡಿ, ಹಿರಿಯರಲ್ಲ. ನಮ್ಮ ಬ್ಯಾಂಕಿಗೆ ಬಂದ ಮೊದಲ ಕಂಪ್ಯೂಟರುಗಳು ನೆನಪಿವೆಯೇ? ಶಟ್ ಡೌನ್ ಮಾಡಿದರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರದಲ್ಲಿ, ಇನ್ನು ನೀವು ನಿರ್ಭಯವಾಗಿ ಕಂಪ್ಯೂಟರನ್ನು ಆಫ್ ಮಾಡಬಹುದು ಎಂದು ಬರೆದು ಕಾಯುತ್ತಿತ್ತು. ವಿಂಡೋಸ್ 95ರ ಕಾಲ. ನಾವು ಹೆಬ್ಬೆರಳಿನಿಂದ ದಪ್ಪ ಗುಂಡಿಯನ್ನು ಠಕ್ಕೆಂದು ಒತ್ತಿದರೆ ಕರೆಂಟಿನ ಸಂಬಂಧವೇ ಕಡಿದುಹೋಗುತ್ತಿತ್ತು. ಆ ಠಕ್ ಎಂಬ ಸದ್ದಿನಲ್ಲಿ ಐದು ಗಂಟೆಯ ಬಸ್ಸು ಕೇಳಿಸುತ್ತಿತ್ತು, ರಾಯರೇ. ಅದೇ 1995ರಲ್ಲಿ ಎಟಿಎಕ್ಸ್ ಎಂಬ ಹೊಸ ಮಾದರಿ ಬಂತು. ಗುಂಡಿ ಹೋಗಿ ಬರಿಯ ವಿನಂತಿ ಉಳಿಯಿತು. ನೀವು ಈಗ ಒತ್ತುವುದು ಅರ್ಜಿ. ಅರ್ಜಿ ಮಂಜೂರಾಗಿ ಎಲ್ಲ ಆರಿದ ಮೇಲೂ 5 ವೋಲ್ಟಿನಷ್ಟು ಕರೆಂಟು ಒಳಗೆ ಎಚ್ಚರವಾಗಿ ಕುಳಿತಿರುತ್ತದೆ, ಮತ್ತೆ ಕರೆಯುವವರಿಗಾಗಿ. ಟಿವಿಗೆ ಕೆಂಪು ಚುಕ್ಕೆ, ಸೆಟ್ ಟಾಪ್ ಬಾಕ್ಸಿಗೆ ಹಸಿರು ಚುಕ್ಕೆ. ಈಗ ಯಾವ ವಸ್ತುವೂ ಆರುವುದಿಲ್ಲ, ಒಂದು ಕಣ್ಣು ಬಿಟ್ಟುಕೊಂಡು ಮಲಗುತ್ತದೆ. ನೋಡಿ, ಇದರ ಕಣ್ಣು ಇಲ್ಲಿದೆ.”

ಪೆಟ್ಟಿಗೆಯ ಹಿಂಭಾಗದಲ್ಲಿ, ಧೂಳಿನ ನಡುವೆ, ನೆಟ್ ವೈರು ಸಿಕ್ಕಿಸಿದ ಜಾಗದಲ್ಲಿ ಕಿತ್ತಳೆ ಬಣ್ಣದ ಸಣ್ಣ ದೀಪವೊಂದು ಮಿಣುಕುತ್ತಿತ್ತು. ಶೇಷಣ್ಣ ವೈರು ಕಿತ್ತ. ಶಟ್ ಡೌನ್ ಒತ್ತಿದರು. ಐದು ಎಣಿಸಿದರು, ಹತ್ತು ಎಣಿಸಿದರು, ಮೇಷ್ಟರು ಶಾಲೆಯ ಅಭ್ಯಾಸದಿಂದ ನೂರರವರೆಗೆ ಎಣಿಸಿದರು. ಅದು ಬರಲಿಲ್ಲ.

ವೈರು ಮತ್ತೆ ಸಿಕ್ಕಿಸಿ, ಯಂತ್ರವನ್ನು ಎಬ್ಬಿಸಿ, ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಪುಟ ತೆರೆದಾಗ, ಈ ಸಾಧನವು ಕಂಪ್ಯೂಟರನ್ನು ಎಬ್ಬಿಸಬಹುದು ಎಂಬ ಸಾಲಿನ ಮುಂದೆ ಟಿಕ್ ಇತ್ತು. “ವೇಕ್ ಆನ್ ಲ್ಯಾನ್,” ಎಂದ ಶೇಷಣ್ಣ. “ದೂರದಿಂದ ಒಂದು ಪೊಟ್ಟಣ ಕಳುಹಿಸಿ ಮಲಗಿದ ಕಂಪ್ಯೂಟರನ್ನು ಎಬ್ಬಿಸುವ ವಿದ್ಯೆ. ಅದಕ್ಕೆ ಮ್ಯಾಜಿಕ್ ಪ್ಯಾಕೆಟ್ ಎಂದೇ ಹೆಸರು. ಮೊದಲು ಆರು ಬೈಟುಗಳಷ್ಟು ಬಾಗಿಲು ಬಡಿದು, ಆಮೇಲೆ ಈ ಕಾರ್ಡಿನ ವಿಳಾಸವನ್ನು ಒಂದೇ ಉಸಿರಿಗೆ 16 ಸಲ ಹೇಳುತ್ತದೆ. ಹದಿನಾರು ಸಲ ಹೆಸರು ಹಿಡಿದು ಕೂಗಿದರೆ ಕುಂಭಕರ್ಣನೂ ಏಳುತ್ತಾನೆ. ಇದಂತೂ ಅಷ್ಟಕ್ಕೂ ಕಾಯುವುದಿಲ್ಲ. ‘ಪ್ಯಾಟರ್ನ್ ಮ್ಯಾಚ್’ ಎಂಬ ಇನ್ನೊಂದು ಟಿಕ್ಕೂ ಇದೆ ನೋಡಿ. ಬೀದಿಯಲ್ಲಿ ಯಾರೋ ಸುಮ್ಮನೆ ಇದರ ಹೆಸರೆತ್ತಿದರೂ ‘ಬಂದೆ’ ಎಂದು ಎದ್ದುಬಿಡುತ್ತದೆ.”

“ಅದೇಕೆ ಈ ಹದಿನೈದು ದಿನಗಳಿಂದ ಮಾತ್ರ?” ಎಂದ ಕೃಷ್ಣಮೂರ್ತಿ. ಆ ಸಂಜೆಯ ಅವನ ಒಂದೇ ಒಳ್ಳೆಯ ಪ್ರಶ್ನೆ.

“ವೈಫೈ ಕೈಕೊಡುತ್ತಿದೆ ಎಂದು ಈ ವೈರನ್ನು ಹದಿನೈದು ದಿನಗಳ ಹಿಂದೆ ಮತ್ತೆ ಸಿಕ್ಕಿಸಿದವನು ನಾನೇ,” ಎಂದರು ರಾಯರು. “ಆದರೆ ಟಿಕ್ ನಾನು ಹಾಕಿದ್ದಲ್ಲ.”

“ಸುಧಾ ಹಾಕಿದ್ದು,” ಎಂದು ಬಾಗಿಲಲ್ಲಿ ನಿಂತಿದ್ದ ಶಾರದಮ್ಮ ಹೇಳಿದರು. “2020ರಲ್ಲಿ ಎಲ್ಲ ಮುಚ್ಚಿದ್ದಾಗ ಅವಳು ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದಳು. ಇದರಲ್ಲಿದ್ದ ಕಡತ ಬೇಕಾದಾಗಲೆಲ್ಲ ಮೆಟ್ಟಿಲಿಳಿಯಲು ಸೋಮಾರಿತನ. ಮೇಲಿನಿಂದಲೇ ಏನೋ ಒತ್ತುವಳು, ಇದು ಇಲ್ಲಿ ಗುರ್ರೆಂದು ಏಳುವುದು. ಊಟಕ್ಕೆ ನಾನು ಹದಿನಾರು ಸಲ ಕೂಗಿದರೂ ಅವಳು ಏಳುತ್ತಿರಲಿಲ್ಲ.”

ಸುಧಾ ಮದುವೆಯಾಗಿ ಪುಣೆಗೆ ಹೋಗಿ ನಾಲ್ಕು ವರ್ಷಗಳಾಗಿವೆ. ಅವಳೂ ಅಂದು ಹೋಗಿ ಬರುತ್ತೇನೆ ಎಂದೇ ಹೇಳಿದ್ದಳು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಬರುತ್ತಾಳೆ.

ಶೇಷಣ್ಣ ಎರಡೂ ಟಿಕ್ಕುಗಳನ್ನು ತೆಗೆದು ಓಕೆ ಒತ್ತಿ, ಶಟ್ ಡೌನ್ ಮಾಡಿದ. ಫ್ಯಾನು ನಿಂತಿತು. ವೈರು ಇದ್ದಲ್ಲೇ ಇತ್ತು, ಕಂಪ್ಯೂಟರ್ ಬರಲಿಲ್ಲ. ರಾಯರು ಹೊದಿಕೆಯನ್ನು ಕೊಡವಿ ಮಾನಿಟರಿಗೆ ಒಂದು, ಸಿಪಿಯುಗೆ ಒಂದು ಹೊದಿಸಿ, ಅಂಚಿನ ಲೇಸನ್ನು ಸರಿಮಾಡಿದರು. ಹದಿನೈದು ದಿನಗಳ ಮೇಲೆ ಆ ಮೂಲೆ ಸದ್ದಿಲ್ಲದೆ ಕುಳಿತಿತು. ಒಳಗೆ ಕುಕ್ಕರು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ಕೃಷ್ಣಮೂರ್ತಿಯೂ ಮೇಷ್ಟರೂ ‘ಬರುತ್ತೇವೆ’ ಎಂದು ಎದ್ದು ಹೋಗಿ ಗೇಟಿನ ಹತ್ತಿರ ಪಿಂಚಣಿಯ ಮಾತಿಗೆ ನಿಂತರು. ರಾಯರು ಕಳೆದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಹರಿದು, ಬೆನ್ನ ಕಡೆ ತಿರುಗಿಸಿ, ಜೇಬಿನಿಂದ ಪೆನ್ನು ತೆಗೆದರು.

“ಶೇಷಣ್ಣ, ಒಂದು ವೇಳೆ ಆ ಟಿಕ್ಕನ್ನು ಮತ್ತೆ ಹಾಕಬೇಕೆಂದರೆ ಎಲ್ಲೆಲ್ಲಿ ಒತ್ತಬೇಕು? ನಿಧಾನವಾಗಿ ಹೇಳು, ಬರೆದುಕೊಳ್ಳುತ್ತೇನೆ.”

ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಶೇಷಣ್ಣ, “ಮೊದಲು ಡಿವೈಸ್ ಮ್ಯಾನೇಜರ್ ಎಂದು ಬರೆಯಿರಿ,” ಎಂದ.