ರೀಫರ್ ಲಾರಿ (ಒಳಗೆ ಫ್ರೀಜರ್‌ನಂತೆ ತಣ್ಣಗಿಡುವ ಲಾರಿ): ಮುಂದಿನ ಬಾಕ್ಸ್ ಗಟ್ಟಿ, ಬಾಗಿಲ ಹತ್ತಿರದ್ದು ಮೆತ್ತಗೆ. ಯಾಕೆ?

ಪ್ರಶ್ನೆ (ಮಲ್ಪೆ):
ಶಿರಾಡಿ ಘಾಟಿ ದಾರಿಯಲ್ಲಿ ಬೆಂಗಳೂರಿಗೆ ಫ್ರೋಜನ್ ಬಂಗುಡೆ ಕಳಿಸುತ್ತೇನೆ. ಡಿಸ್‌ಪ್ಲೇಯಲ್ಲಿ ಮೈನಸ್ 18 ಇರುತ್ತದೆ, ಆದ್ರೆ ಇಳಿಸುವಾಗ ಬಾಗಿಲ ಹತ್ತಿರದ ಬಾಕ್ಸ್ ಮೆತ್ತಗಾಗಿರುತ್ತವೆ. ಎರಡು ಸಲ ಹೀಗಾಯಿತು, ತುಂಬಾ ಬೇಜಾರಾಗಿದೆ. ಮಷಿನ್ ಹಾಳಾ?

ಉತ್ತರ 1 (ಮಂಗಳೂರು):
ಮಷಿನ್ ಸರಿಯೇ ಇರಬಹುದು ಮಾರಾಯ್ರೆ. ಡಿಸ್‌ಪ್ಲೇ ತೋರಿಸುವುದು ಸೆನ್ಸರ್ ಹತ್ತಿರದ ಗಾಳಿಯ ತಂಪು, ಮೀನಿನದ್ದಲ್ಲ. ಆ ಗಾಳಿ ಮುಂದಿನಿಂದ ಹೊರಟು, ಬಾಕ್ಸ್‌ಗಳ ಮೇಲಿಂದ ಹಿಂದಕ್ಕೆ ಹೋಗಿ, ಬಾಗಿಲ ಹತ್ತಿರ ಇಳಿದು, ನೆಲದ ಸಂದುಗಳಲ್ಲಿ ವಾಪಸ್ ಬರಬೇಕು. ಮೇಲಿನವರೆಗೆ ಪೇರಿಸಿದ್ರೆ ಅದು ಮುಂದೆಯೇ ಸುತ್ತುತ್ತದೆ, ಹಿಂದಿನವಕ್ಕೆ ಸಿಗುವುದೇ ಇಲ್ಲ. ಒಳಗಿನ ಲೋಡ್ ಗೆರೆ (ಎಷ್ಟು ಎತ್ತರ ಪೇರಿಸಬಹುದು ಎಂಬ ಗುರುತು) ದಾಟಬೇಡಿ, ಬಾಗಿಲಿಗೂ ತಾಗಿಸಬೇಡಿ.

ಉತ್ತರ 2 (ಉಡುಪಿ):
ಲೋಡ್ ಮಾಡುವ ಮೊದಲು ಖಾಲಿ ಬಾಡಿಯನ್ನು ತಣ್ಣಗೆ ಮಾಡುತ್ತೀರಾ? ರೀಫರ್ ಇರುವುದು ತಣ್ಣಗಿದ್ದದ್ದನ್ನು ಹಾಗೇ ಇಡಲು, ಮೆತ್ತಗಾದ ಮೀನನ್ನು ಮತ್ತೆ ಗಟ್ಟಿ ಮಾಡಲು ಅಲ್ಲ. ಬಾಗಿಲು ತೆರೆದಿರುವಾಗ ಮಷಿನ್ ಆಫ್ ಮಾಡಿ, ಇಲ್ಲದಿದ್ರೆ ನಮ್ಮ ಕರಾವಳಿಯ ತೇವದ ಗಾಳಿ ಒಳಗೆ ಬಂದು ಗಾಳಿ ತಂಪು ಮಾಡುವ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ.

ಪ್ರಶ್ನೆ ಕೇಳಿದವರು:
ಓ, ನಾವು ಮೇಲಿನವರೆಗೂ ತುಂಬಿಸುತ್ತಿದ್ದೆವು! ಮುಂದಿನ ಲೋಡ್‌ನಲ್ಲಿ ಹಿಂದಿನ ಬಾಕ್ಸ್ ನಡುವೆ ಒಂದು ಡೇಟಾ ಲಾಗರ್ (ದಾರಿಯುದ್ದಕ್ಕೂ ತಾಪಮಾನ ದಾಖಲಿಸುವ ಸಾಧನ) ಇಟ್ಟು ನೋಡುತ್ತೇನೆ.