ಅಪ್ಪನಿಗೆ ಹೆಣೆದ ಟೋಪಿ ನೆತ್ತಿ ಮೇಲೇ ನಿಂತಿದೆ: 8 ನಂಬರ್ ಕಡ್ಡಿ, 88 ಸ್ಟಿಚ್, ತಪ್ಪಾಗಿದ್ದೆಲ್ಲಿ?

ಮಲೆನಾಡ ಮಗಳು:
ಎಲ್ಲರಿಗೂ ನಮಸ್ಕಾರ. ಹೆಣಿಗೆ ಶುರು ಮಾಡಿ ಏಳೆಂಟು ತಿಂಗಳಾಯ್ತು. ಮಫ್ಲರ್ ಬಿಟ್ಟರೆ ಬೇರೇನೂ ಹೆಣೆದಿರಲಿಲ್ಲ. ಅಪ್ಪ ಸಕಲೇಶಪುರದಲ್ಲಿದ್ದಾರೆ. ಬೆಳಿಗ್ಗೆ ಐದೂವರೆಗೇ ಹಾಲು ತರೋಕೆ ಹೊರಡುತ್ತಾರೆ. ತಲೆಗೆ ಹತ್ತು ವರ್ಷದ ಹಳೇ ಮಂಕಿ ಕ್ಯಾಪ್. ಈ ಚಳಿಗೆ ನನ್ನ ಕೈಯಾರೆ ಒಂದು ಟೋಪಿ ಮಾಡಿಕೊಡಬೇಕು ಅಂತ ಆಸೆಯಾಯ್ತು.

ಅಮೆರಿಕದವರೊಬ್ಬರ ವಿಡಿಯೋ ನೋಡಿ ಹೆಣೆದೆ. ಅವರು 8 ನಂಬರ್ ಕಡ್ಡಿ ಅಂದರು, ನಾನೂ 8 ನಂಬರ್ ತಂದೆ. ದಾರ 4 ಅಂದರು, 4 ಪ್ಲೈ ಉಲ್ಲನ್ ತಂದೆ. 88 ಸ್ಟಿಚ್ ಹಾಕಿ, ಪೂರ್ತಿ ಎರಡು ನಿಟ್ (ಸೀದಾ ಹೆಣಿಗೆ) ಎರಡು ಪರ್ಲ್ (ಉಲ್ಟಾ ಹೆಣಿಗೆ) ರಿಬ್, ಅಂದರೆ ಎಳೆದರೆ ಹಿಗ್ಗುವ ಪಟ್ಟೆ ಹೆಣಿಗೆ. ಅವರದ್ದು ಸರ್ಕ್ಯುಲರ್ ಕಡ್ಡಿ, ಹೊಲಿಗೆಯಿಲ್ಲದೆ ಸುತ್ತಲೂ ಹೆಣೆಯುವಂಥದ್ದು. ನನ್ನ ಹತ್ತಿರ ಅದಿಲ್ಲ, ಹಾಗಾಗಿ ಎರಡು ಉದ್ದ ಕಡ್ಡಿಯಲ್ಲೇ ಹೆಣೆದು ಹಿಂದೆ ಹೊಲಿದೆ. ಒಂದು ಸ್ಟಿಚ್ಚೂ ತಪ್ಪಿಲ್ಲ, ಮೂರು ಸಲ ಎಣಿಸಿದ್ದೇನೆ.

ಊರಿಗೆ ಹೋಗಿ ಅಪ್ಪನಿಗೆ ಹಾಕಿದರೆ ಕಿವಿವರೆಗೂ ಇಳಿಯಲಿಲ್ಲ. ಎಳೆದು ಹಾಕಿದೆ, ಮೆಲ್ಲಗೆ ಮೇಲೆ ಜಾರಿ ನೆತ್ತಿ ಮೇಲೆ ಕೂತಿತು. ಹಣೆ ಮೇಲೆ ಕೆಂಪು ಗೆರೆ. "ಪರವಾಗಿಲ್ಲ ಬಿಡು ಮಗಳೇ, ಚೆನ್ನಾಗೇ ಇದೆ" ಅಂತ ಸಂಜೆವರೆಗೂ ಹಾಗೇ ಹಾಕಿಕೊಂಡಿದ್ದರು. ನನಗೆ ಅಳು ಬಂತು. ಸಂಕ್ರಾಂತಿಗೆ ಮತ್ತೆ ಊರಿಗೆ ಹೋಗುತ್ತೇನೆ, ಅಷ್ಟರಲ್ಲಿ ಸರಿ ಮಾಡಬಹುದಾ? ನೀರಲ್ಲಿ ನೆನೆಸಿ ಎಳೆದರೆ ದೊಡ್ಡದಾಗುತ್ತಾ?

ಹನ್ನೆರಡರ ಕಡ್ಡಿ:
ನೆನೆಸಿ ಎಳೆಯೋದು ಬೇಡಮ್ಮ. ನೀವು ತಂದಿರೋದು ಅಕ್ರಿಲಿಕ್ ಆಗಿದ್ದರೆ ಒಣಗಿದ ಮೇಲೆ ವಾಪಸ್ ಮೊದಲಿನ ಹಾಗೇ ಆಗುತ್ತದೆ. ನಮ್ಮ ಕಡೆ ಹೆಣಿಗೆ ದಾರಕ್ಕೆಲ್ಲ ಉಲ್ಲನ್ ಅಂತಲೇ ಹೆಸರು, ಒಳಗೆ ಕುರಿ ಉಣ್ಣೆ ಇರಲೇಬೇಕು ಅಂತೇನಿಲ್ಲ. ಲೇಬಲ್ ನೋಡಿ.

ನನಗೆ ಮೂರು ಅಳತೆ ಬೇಕು. ಟೋಪಿಯನ್ನು ಮೇಜಿನ ಮೇಲೆ ಇಟ್ಟು, ರಿಬ್ ಸ್ವಲ್ಪವೇ ಬಿಚ್ಚಿಕೊಳ್ಳುವಷ್ಟು ಹರಡಿ. ಅದರ ಮೇಲೆ ಸ್ಟೀಲ್ ಸ್ಕೇಲ್ ಇಡಿ. 4 ಇಂಚಿನೊಳಗೆ ಎಷ್ಟು ಸ್ಟಿಚ್ ಬರುತ್ತದೆ ಎಣಿಸಿ. ನಿಟ್ ಕಂಬಗಳು ವಿ ಆಕಾರದಲ್ಲಿ ಎದ್ದು ಕಾಣುತ್ತವೆ, ಪರ್ಲ್ ಪಕ್ಕದ ಗುಂಡಿಯಲ್ಲಿ ಅಡಗಿರುತ್ತದೆ, ಅದನ್ನು ಬಿಡಬೇಡಿ.

ಎರಡನೇದು, ಕಡ್ಡಿ ದಪ್ಪ. ಒಂದು ಸಣ್ಣ ಕಾಗದದ ಪಟ್ಟಿಯನ್ನು ಕಡ್ಡಿಗೆ ಬಿಗಿಯಾಗಿ ಒಂದೇ ಸುತ್ತು ಸುತ್ತಿ, ಅಂಚು ಕೂಡುವ ಕಡೆ ಪೆನ್ಸಿಲ್ ಗುರುತು ಹಾಕಿ. ಬಿಡಿಸಿ ಅಳೆಯಿರಿ.

ಮೂರನೇದು, ಅಪ್ಪನ ತಲೆ ಸುತ್ತಳತೆ. ಅವರಿಗೆ ಗೊತ್ತಾಗಬಾರದು ಅಂತಿದ್ದರೆ ಅವರ ಹೆಲ್ಮೆಟ್ ಒಳಗಿನ ಸ್ಟಿಕ್ಕರ್ ನೋಡಿ. ಅದರಲ್ಲಿ ಸೈಜ್ ಬರೆದಿರುತ್ತದೆ. ನನ್ನ ತಮ್ಮನಿಗೆ ಟೋಪಿ ಹೆಣೆದಿದ್ದು ಹಾಗೇ.

ಮಲೆನಾಡ ಮಗಳು:
ಅಕ್ಕ, ಎಲ್ಲ ಅಳೆದೆ. 4 ಇಂಚಿಗೆ 24 ಸ್ಟಿಚ್. ಕಾಗದದ ಗುರುತು ಹನ್ನೆರಡೂವರೆ ಮಿ.ಮೀ. ಅಮ್ಮನಿಗೆ ಫೋನ್ ಮಾಡಿ ಹೆಲ್ಮೆಟ್ ನೋಡಿಸಿದೆ, 580 ಮಿ.ಮೀ. ಅಂತ ಇದೆಯಂತೆ. ದಾರ ನೂರಕ್ಕೆ ನೂರು ಅಕ್ರಿಲಿಕ್.

ಮಿನಿಯಾಪೊಲಿಸ್ ಕನ್ನಡತಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಕಾಗದದ ಅಳತೆ ನೋಡಿದ ತಕ್ಷಣ ಗೊತ್ತಾಯ್ತು. ಸುತ್ತಳತೆ ಹನ್ನೆರಡೂವರೆ, ಅದನ್ನು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ, ಅಂದರೆ ಅದು 4 ಮಿ.ಮೀ. ಕಡ್ಡಿ. ನನ್ನ ಕೈಯಲ್ಲಿರುವ ಇಲ್ಲಿನ 8 ನಂಬರ್ ಕಡ್ಡಿ 5 ಮಿ.ಮೀ. ಇದೆ. ಎರಡೂ 8, ಆದರೆ ಒಂದು ಮಿ.ಮೀ. ವ್ಯತ್ಯಾಸ!

ಅಮೆರಿಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ದಪ್ಪ. ನಮ್ಮೂರ ಅಂಗಡಿಯಲ್ಲಿ ಸಿಗೋದು ಹಳೇ ಬ್ರಿಟಿಷ್ ನಂಬರ್, ಅದು ಉಲ್ಟಾ. ನಂಬರ್ ಹೆಚ್ಚಿದಷ್ಟೂ ತೆಳು. ಇಲ್ಲಿನ 10 ಅಂದರೆ 6 ಮಿ.ಮೀ., ಊರಿನ 10 ಅಂದರೆ 3.25 ಮಿ.ಮೀ. ಒಂದೇ ಒಂದು ಕಡೆ ಎರಡೂ ಕೂಡುತ್ತವೆ: 7 ನಂಬರ್ ಎರಡು ಕಡೆಯೂ 4.5 ಮಿ.ಮೀ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಅಮ್ಮ ಕಳಿಸಿದ ಕಡ್ಡಿಯಲ್ಲಿ ಇಲ್ಲಿನ ಪ್ಯಾಟರ್ನ್ ಹೆಣೆದು ಒಂದು ಇಡೀ ಸ್ವೆಟರ್ ಬಿಚ್ಚಿದ್ದೇನೆ. ಆ ಸಂಕಟ ಗೊತ್ತು.

ಹನ್ನೆರಡರ ಕಡ್ಡಿ:
ಸರಿಯಾಗಿ ಹೇಳಿದ್ರಿ. ಇದರ ಜೊತೆ ದಾರದಲ್ಲೂ ಅದೇ ಕಥೆ ಆಗಿದೆ. ಅಮೆರಿಕದ ಲೇಬಲ್ಲಿನಲ್ಲಿ ಪುಟ್ಟ ಉಂಡೆ ಚಿತ್ರದ ಮೇಲೆ 4 ಅಂತ ಇರುತ್ತದೆ. ಅದು ದಪ್ಪದ ದರ್ಜೆ, ಮಧ್ಯಮ ದಪ್ಪದ ದಾರ ಅಂತ ಅರ್ಥ. 4 ಪ್ಲೈ ಅಂದರೆ ನಾಲ್ಕು ಎಳೆ ಸೇರಿಸಿ ಹುರಿ ಮಾಡಿದ್ದು. ಎಳೆಯೇ ತೆಳುವಾಗಿದ್ದರೆ ನಾಲ್ಕು ಸೇರಿದರೂ ದಾರ ತೆಳುವೇ. ಪ್ಲೈ ನೋಡಿ ದಪ್ಪ ಹೇಳೋಕೆ ಆಗಲ್ಲ.

ಈಗ ಲೆಕ್ಕ ನೋಡಿ. ನಿಮ್ಮದು ಇಂಚಿಗೆ 6 ಸ್ಟಿಚ್. 88ರಲ್ಲಿ ಎರಡು ಹೊಲಿಗೆಗೆ ಹೋಯ್ತು, ಉಳಿದದ್ದು 86. ಆರರಿಂದ ಭಾಗಿಸಿದರೆ ಹದಿನಾಲ್ಕು ಇಂಚು ಚಿಲ್ಲರೆ. ಅಪ್ಪನ ತಲೆ 58 ಸೆಂ.ಮೀ., ಅಂದರೆ 23 ಇಂಚಿಗೆ ಸ್ವಲ್ಪ ಕಡಿಮೆ. ವಿಡಿಯೋದವರಿಗೆ ಇಂಚಿಗೆ ನಾಲ್ಕೂವರೆ ಸ್ಟಿಚ್ ಬಂದಿರಬೇಕು, ಹಾಗಾಗಿ ಅವರ 88ಕ್ಕೆ ಹತ್ತೊಂಬತ್ತೂವರೆ ಇಂಚಿನ ಟೋಪಿ ಆಯ್ತು. ನಿಮ್ಮ ಕೈ ತಪ್ಪಿಲ್ಲ ಕಣಮ್ಮ, ಕಡ್ಡಿ ಮತ್ತು ದಾರ ಎರಡೂ ಬೇರೆ.

ಹೊಸ ಕಡ್ಡಿ ಕೊಳ್ಳೋದು ಬೇಡ. ಇದೇ ದಾರ, ಇದೇ ಕಡ್ಡಿ ಇಟ್ಟುಕೊಂಡು ಸ್ಟಿಚ್ ಜಾಸ್ತಿ ಮಾಡಿ. ಟೋಪಿ ತಲೆಗಿಂತ ಎರಡೂವರೆ, ಮೂರು ಇಂಚು ಚಿಕ್ಕದಿದ್ದರೇನೇ ಹಿಡಿದು ಕೂರೋದು. 20 ಇಂಚು ಇಟ್ಟುಕೊಳ್ಳಿ. 20ಕ್ಕೆ ಆರರಂತೆ 120, ಹೊಲಿಗೆಗೆ ಎರಡು. 122 ಸ್ಟಿಚ್ ಹಾಕಿ. ಸೀದಾ ಸಾಲು (ಹೊರಮುಖ ನಿಮ್ಮ ಕಡೆ ಇರುವ ಸಾಲು) ಎರಡು ನಿಟ್‌ನಿಂದ ಶುರುವಾಗಿ ಎರಡು ನಿಟ್‌ನಲ್ಲೇ ಮುಗಿಯಬೇಕು. ಹೊಲಿಯುವಾಗ ಎರಡು ಕಡೆಯೂ ಒಂದೊಂದು ಸ್ಟಿಚ್ ಒಳಗೆ ಹೋಗಿ, ಮಿಕ್ಕ ಒಂದೊಂದು ಸೇರಿ ಎರಡು ನಿಟ್‌ನ ಒಂದು ಕಂಬ ಆಗುತ್ತದೆ. ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಚಂದ ಕೂಡುತ್ತದೆ. ಮೇಲೆ ನೆತ್ತಿಗೆ ಬಂದಾಗ 120ನ್ನು 15ರಂತೆ 8 ಭಾಗ ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಪ್ರತಿ ಭಾಗದಲ್ಲೂ ಒಂದೊಂದು ಕಡಿಮೆ ಮಾಡುತ್ತಾ ಹೋಗಿ.

ದಾರ ಸಾಕಾಗುತ್ತಾ ಅಂತ ಈಗಲೇ ನೋಡಿಕೊಳ್ಳಿ. ಹಳೇ ಟೋಪಿಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. 40 ಗ್ರಾಂ ಇದ್ದರೆ ಹೊಸದಕ್ಕೆ 56 ಗ್ರಾಂ ಆಗಬಹುದು, 65 ಕೈಯಲ್ಲಿರಲಿ. ಕೊಳ್ಳುವುದಾದರೆ ಲೇಬಲ್ಲಿನ ಲಾಟ್ ನಂಬರ್ ಒಂದೇ ಇರಬೇಕು. ಇಲ್ಲದಿದ್ದರೆ ಅದೇ ಬಣ್ಣ ಅಂತ ತಂದರೂ ಬಿಸಿಲಿಗೆ ಹಿಡಿದಾಗ ಬೇರೆಯೇ ಕಾಣುತ್ತದೆ.

ತುಮಕೂರು ಉಂಡೆ:
ಇದೇ ಜಾಗದಲ್ಲಿ ಕೇಳಿಬಿಡುತ್ತೇನೆ. ಅಜ್ಜಿಗೆ ಶಾಲು ಹೆಣೆಯುತ್ತಿದ್ದೇನೆ. ಮುಂದೆ ಪೂರ್ತಿ ನಿಟ್, ಹಿಂದೆ ಪೂರ್ತಿ ಪರ್ಲ್. ಎರಡೂ ಅಂಚು ಒಳಗೆ ಸುರುಳಿ ಸುತ್ತುತ್ತಿದೆ. ಇಸ್ತ್ರಿ ಹಾಕಿದರೆ ಸರಿಹೋಗುತ್ತಾ?

ಹನ್ನೆರಡರ ಕಡ್ಡಿ:
ಅಕ್ರಿಲಿಕ್ ಆಗಿದ್ದರೆ ಇಸ್ತ್ರಿ ಮುಟ್ಟಿಸಲೇಬೇಡಿ. ಬಿಸಿಗೆ ದಾರ ಜೀವ ಕಳೆದುಕೊಂಡು ಚಪ್ಪಟೆಯಾಗಿ ಹೊಳೆಯುತ್ತದೆ, ಮತ್ತೆ ಮೊದಲಿನ ಹಾಗೆ ಆಗಲ್ಲ. ಸುರುಳಿ ಸುತ್ತೋದು ಆ ಹೆಣಿಗೆಯ ಗುಣ. ಹತ್ತು ಸಾಲಷ್ಟೇ ಆಗಿದ್ದರೆ ಬಿಚ್ಚಿ, ಎರಡು ಅಂಚಿಗೂ ಆರಾರು ಸ್ಟಿಚ್ ಹಿಂದೆ ಮುಂದೆ ಎರಡು ಕಡೆಯೂ ನಿಟ್ ಮಾಡಿ. ಶುರುವಿನ ಆರು ಸಾಲು, ಕೊನೆಯ ಆರು ಸಾಲೂ ಹಾಗೇ. ಶಾಲು ಮುಕ್ಕಾಲು ಮುಗಿದಿದ್ದರೆ ಸುತ್ತಲೂ ಕ್ರೋಶಾ ಬಾರ್ಡರ್ ಹಾಕಿ, ತೂಕಕ್ಕೆ ಅಂಚು ತಕ್ಕಮಟ್ಟಿಗೆ ಸಪಾಟಾಗುತ್ತದೆ.

ಮಲೆನಾಡ ಮಗಳು:
ಅಕ್ಕ, 122 ಹಾಕಿದ್ದೇನೆ, ಮೂರು ಇಂಚು ಆಯ್ತು. ದಾರ ಕಡಿಮೆ ಬೀಳುವ ಹಾಗಿದೆ. ಹಳೇ ಟೋಪಿ ಬಿಚ್ಚಿ ಆ ದಾರ ಸೇರಿಸಲಾ?

ಮಿನಿಯಾಪೊಲಿಸ್ ಕನ್ನಡತಿ:
ಬಿಚ್ಚಬೇಡಿ! ಹದಿನಾಲ್ಕು ಇಂಚಿನ ರಿಬ್ ಟೋಪಿ ಮೂರು ನಾಲ್ಕು ತಿಂಗಳ ಕೂಸಿಗೆ ಹೇಳಿ ಮಾಡಿಸಿದ ಕುಲಾವಿ. ಕೆಳಗೆ ಎರಡು ಇಂಚು ಮಡಚಿದರೆ ಉದ್ದವೂ ಸರಿ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಬಾಣಂತಿ ಯಾರೂ ಇಲ್ವಾ? ತುದಿಗೆ ಗೊಂಡೆ, ಗುಂಡಿ ಏನೂ ಬೇಡ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಮಲೆನಾಡ ಮಗಳು:
ಅಯ್ಯೋ ಹೌದಲ್ವಾ! ಅತ್ತಿಗೆಗೆ ನವೆಂಬರಿನಲ್ಲಿ ಹೆರಿಗೆ ಆಗಿದೆ. ಅದೇ ಬಣ್ಣ, ತಾತನಿಗೂ ಮೊಮ್ಮಗನಿಗೂ! ದಾರ ಹೊಸದೇ ತರುತ್ತೇನೆ, ಲಾಟ್ ನಂಬರ್ ನೋಡಿಕೊಂಡು.

ಮಲೆನಾಡ ಮಗಳು:
ಸಂಕ್ರಾಂತಿ ಮುಗಿಸಿ ಬಂದೆ. ಟೋಪಿ ಕಿವಿ ಮುಚ್ಚಿ ಹುಬ್ಬಿನವರೆಗೂ ಇಳಿಯಿತು. ಕೆಂಪು ಗೆರೆ ಇಲ್ಲ. ಮಾರನೇ ದಿನ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಹಾಲಿಗೆ ಹೋದರು, ಮಂಕಿ ಕ್ಯಾಪ್ ಗೂಟದಲ್ಲೇ ಇತ್ತು. ಒಂದು ವಿಷಯ ಮಾತ್ರ. ಒಳಮುಖ ಹೊರಗೆ ಮಾಡಿ ಹಾಕಿಕೊಂಡಿದ್ದರು. ಕೇಳಿದರೆ "ಹಿಂದಿನ ಹೊಲಿಗೆ ಕತ್ತಿಗೆ ಒತ್ತುತ್ತೆ ಮಗಳೇ" ಅಂದರು. ನಾನು ಎರಡು ಅಂಚು ಜೋಡಿಸಿ ಸುಮ್ನೆ ಸುತ್ತು ಹೊಲಿಗೆ ಹಾಕಿದ್ದೆ.

ಹನ್ನೆರಡರ ಕಡ್ಡಿ:
ಓದಿ ತುಂಬಾ ಖುಷಿಯಾಯ್ತಮ್ಮ. ಆ ಹೊಲಿಗೆ ಬಿಚ್ಚಿ, ಅರ್ಧ ಗಂಟೆ ಕೆಲಸ. ಎರಡು ಅಂಚನ್ನೂ ಸೀದಾ ಮುಖ ಮೇಲೆ ಬರುವಂತೆ ಅಕ್ಕಪಕ್ಕ ಇಡಿ. ಅಂಚಿನ ಸ್ಟಿಚ್‌ಗೂ ಅದರ ಪಕ್ಕದ್ದಕ್ಕೂ ನಡುವೆ ಏಣಿ ಮೆಟ್ಟಿಲಿನ ಹಾಗೆ ಅಡ್ಡ ದಾರಗಳು ಕಾಣುತ್ತವೆ. ಮೊಂಡು ಸೂಜಿಯಲ್ಲಿ ಎಡಕ್ಕೊಂದು ಮೆಟ್ಟಿಲು, ಬಲಕ್ಕೊಂದು ಮೆಟ್ಟಿಲು ಎತ್ತುತ್ತಾ ಹೋಗಿ. ಆರೇಳು ಸಲ ಎತ್ತಿದ ಮೇಲೆ ದಾರ ಮೆಲ್ಲಗೆ ಎಳೆಯಿರಿ, ಎರಡೂ ಕೂಡಿಕೊಳ್ಳುತ್ತವೆ. ಕೆಳಗೆ ಎರಡು ಇಂಚು ಮಡಚಿ ಹಾಕಿಕೊಳ್ಳುವುದಾದರೆ ಅಷ್ಟು ಮಾತ್ರ ಒಳಗಿನಿಂದ ಹೊಲಿಯಿರಿ, ಮಡಚಿದಾಗ ಆ ಮುಖವೇ ಹೊರಗೆ ಬರೋದು. ದಾರದ ತುದಿಯನ್ನು ಕತ್ತಿನ ಹತ್ತಿರ ಗಂಟು ಹಾಕಬೇಡಿ, ರಿಬ್ ಒಳಗೆ ಎರಡು ಇಂಚು ಓಡಿಸಿ ಬಿಡಿ.