ತೊಡೆಸಂದಿನ ತುರಿಕೆ, ಕಪ್ಪುಗಟ್ಟಿದ ಚರ್ಮ: ಇದು ಯಾವ ಬಗೆಯ ತೊಂದರೆ?

ಮೂಡಿಗೆರೆಯ ಬೆಳೆಗಾರ:

ನಮಸ್ಕಾರ. ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚವೆನಿಸುವ ವಿಷಯವಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ವಯಸ್ಸು ನಲವತ್ತು ದಾಟಿದೆ. ಮೂಡಿಗೆರೆ ಸಮೀಪ ಕಾಫಿ ತೋಟವಿದೆ. ಪುನರ್ವಸು ಮಳೆ ಹಿಡಿದ ಮೇಲೆ ತೊಡೆಸಂದಿನ ಎರಡೂ ಬದಿಯಲ್ಲಿ ತುರಿಕೆ ಆರಂಭವಾಗಿ, ಕೆಂಪು ಪಟ್ಟೆಗಳು ಹರಡಿದವು. ಔಷಧಿ ಅಂಗಡಿಯಲ್ಲಿ ಕೊಟ್ಟ ಮುಲಾಮನ್ನು ಹಚ್ಚಿದಾಗಲೆಲ್ಲ ತುರಿಕೆ ಬೇಗ ನಿಲ್ಲುತ್ತದೆ, ಬಿಟ್ಟೊಡನೆ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಈಗ ಆ ಜಾಗ ಕಪ್ಪಾಗಿದೆ. ವೃಷಣಚೀಲದ ಚರ್ಮ ತೆಳುವಾದಂತೆ ಕಾಣುತ್ತಿದ್ದು, ಸ್ನಾನದ ನೀರು ತಾಗಿದರೂ ಉರಿಯುತ್ತದೆ. ಜೊತೆಗೆ ಶಿಶ್ನದ ತುದಿಯಲ್ಲಿ ಕಂದು ಬಣ್ಣದ ಒಂದು ಮಚ್ಚೆ ಮೂಡಿದೆ. ಇದು ಲೈಂಗಿಕ ಸಂಪರ್ಕದಿಂದ ಬರುವ ರೋಗವೇ? ಪತ್ನಿಗೆ ಹರಡಬಹುದೇ? ಈ ಕಪ್ಪು ಹೋಗುತ್ತದೆಯೇ?

ಚರ್ಮವೈದ್ಯ, ಹಾಸನ:

ನೋಡದೆ ರೋಗ ಹೆಸರಿಸುವುದು ಸರಿಯಲ್ಲ. ಆದರೂ ತಾವು ವಿವರಿಸಿದ ಕ್ರಮ ಮಳೆಗಾಲದಲ್ಲಿ ನಮ್ಮ ಬಳಿ ಬರುವ ಬಹುಪಾಲು ರೋಗಿಗಳದೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ತೊಡೆಸಂದಿನಲ್ಲಿ ಹೊರ ಅಂಚು ಉಬ್ಬಿ, ನಡುಭಾಗ ತಿಳಿಯಾಗುತ್ತ, ಬಿಲ್ಲಿನಾಕಾರದಲ್ಲಿ ಹರಡುವ ಪಟ್ಟೆ ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು, ಅಂದರೆ ಹುಳುಕಡ್ಡಿ. ಇದು ಹೆಚ್ಚಾಗಿ ವೃಷಣಚೀಲವನ್ನು ಬಿಟ್ಟು ತೊಡೆಯ ಕಡೆಗೇ ಬೆಳೆಯುತ್ತದೆ. ವೃಷಣಚೀಲವೂ ಕೆಂಪಾಗಿ, ಪಟ್ಟೆಯ ಸುತ್ತ ಬಿಡಿ ಬಿಡಿ ಗುಳ್ಳೆಗಳಿದ್ದರೆ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರವನ್ನು ಶಂಕಿಸುತ್ತೇವೆ. ತುರಿಕೆ ಅಷ್ಟಾಗಿ ಇಲ್ಲದೆ ಕಂದು ಬಣ್ಣದ ಸಮತಟ್ಟಾದ ಪಟ್ಟೆ ಮಾತ್ರ ಇದ್ದರೆ ಅದು ಎರಿತ್ರಾಸ್ಮಾ ಎಂಬ ಬ್ಯಾಕ್ಟೀರಿಯಾ ಸೋಂಕಿರಬಹುದು. ವುಡ್ಸ್ ದೀಪ ಎಂಬ ನೇರಳಾತೀತ ದೀಪದ ಬೆಳಕಿನಲ್ಲಿ ಅದು ಹವಳದ ಕೆಂಪಿನಲ್ಲಿ ಹೊಳೆಯುವುದರಿಂದ ಗುರುತಿಸುವುದು ಸುಲಭ. ರಾತ್ರಿ ವೇಳೆ ತುರಿಕೆ ಹೆಚ್ಚಿ, ವೃಷಣಚೀಲ ಮತ್ತು ಶಿಶ್ನದ ಮೇಲೆ ಗಟ್ಟಿ ಗಂಟುಗಳೆದ್ದು, ಮನೆಯ ಇತರರೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ಅದಕ್ಕೆ ಮನೆಮಂದಿಯೆಲ್ಲರೂ ಒಂದೇ ಸಲ ಔಷಧಿ ಹಚ್ಚಬೇಕು.

ನನ್ನ ಮುಖ್ಯ ಆತಂಕ ಆ ಮುಲಾಮಿನ ಬಗ್ಗೆ. ಅದರ ಕೊಳವೆಯ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಥವಾ ಮೊಮೆಟಾಸೋನ್ ಎಂದು ಬರೆದಿದೆಯೇ ನೋಡಿ. ಇವು ಸ್ಟೀರಾಯ್ಡ್‌ಗಳು. ಇವು ಉರಿಯೂತವನ್ನು ತಗ್ಗಿಸಿ ತುರಿಕೆಯನ್ನು ಅಡಗಿಸುತ್ತವೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ಪ್ರತಿರೋಧ ಕುಗ್ಗುವುದರಿಂದ ಅದು ಒಳಗೊಳಗೇ ಹರಡುತ್ತದೆ. ಅಂಚು ಅಳಿಸಿಹೋಗಿ, ಅನುಭವಿ ವೈದ್ಯರಿಗೂ ಹುಳುಕಡ್ಡಿಯೆಂದು ಗುರುತಿಸುವುದು ಕಷ್ಟವಾಗುತ್ತದೆ. ಅದಲ್ಲದೆ, ವೃಷಣಚೀಲದ ಚರ್ಮವು ಮುಂಗೈಯ ಚರ್ಮಕ್ಕಿಂತ ಸುಮಾರು 40 ಪಟ್ಟು ಹೆಚ್ಚು ಸ್ಟೀರಾಯ್ಡನ್ನು ಹೀರಿಕೊಳ್ಳುತ್ತದೆ ಎಂಬುದು 1960ರ ದಶಕದಲ್ಲೇ ತಿಳಿದಿತ್ತು. ಚರ್ಮ ತೆಳುವಾಗುವುದು ಮತ್ತು ನೀರು ಸೋಕಿದರೆ ಉರಿಯುವುದು ಇದರಿಂದಲೇ ಇರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ; ಅಂಗಡಿಗಳಲ್ಲಿ ಏನು ನಡೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಹೊಸ ಮುಲಾಮು ಆರಂಭಿಸುವ ಮುನ್ನ ಚರ್ಮದ ಹೊಟ್ಟನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆ ಮಾಡಿಸಿಕೊಳ್ಳಿ. ನೋವಿಲ್ಲ, ಖರ್ಚೂ ಅಲ್ಪ. ಹಾಸನದ ಹಿಮ್ಸ್ ಆಸ್ಪತ್ರೆಯಂತಹ ಕಡೆಗಳಲ್ಲಿ ಚರ್ಮರೋಗ ವಿಭಾಗವೇ ಇದೆ. ಹುಳುಕಡ್ಡಿಯೆಂದು ಖಚಿತವಾದರೆ, ಲಕ್ಷಣಗಳು ಮಾಯವಾದ ಮೇಲೂ ವೈದ್ಯರು ಹೇಳುವಷ್ಟು ಕಾಲ ಚಿಕಿತ್ಸೆ ಮುಂದುವರಿಸಬೇಕು, ಏಕೆಂದರೆ ನಮ್ಮ ದೇಶದಲ್ಲಿ ಟರ್ಬಿನಫಿನ್ ಔಷಧಿಗೆ ಬಗ್ಗದ ಶಿಲೀಂಧ್ರಗಳು ಈಚಿನ ವರ್ಷಗಳಲ್ಲಿ ಹೆಚ್ಚಾಗಿವೆ. ಇದು ಲೈಂಗಿಕ ರೋಗವೆಂದು ಕರೆಯುವಂಥದ್ದಲ್ಲ, ಆದರೆ ಚರ್ಮದ ಸ್ಪರ್ಶದಿಂದ, ಒಂದೇ ಟವೆಲ್ ಬಳಸುವುದರಿಂದ ಪತ್ನಿಗೂ ಮಕ್ಕಳಿಗೂ ಹರಡುತ್ತದೆ. ಕಪ್ಪು ಬಣ್ಣವು ಉರಿಯೂತ ಇಳಿದ ಮೇಲೆ ಉಳಿಯುವ ಕಲೆ. ತಿಂಗಳುಗಟ್ಟಲೆ ನಿಧಾನವಾಗಿ ತಿಳಿಯಾಗುತ್ತದೆ. ಬಿಳುಪು ತರುವ ಕ್ರೀಮುಗಳನ್ನು ಅಲ್ಲಿ ಹಚ್ಚಲೇಬೇಡಿ.

ಬಾಳೆಹೊನ್ನೂರಿನವ:

ವೈದ್ಯರು ಹೇಳಿದ್ದರ ಜೊತೆಗೆ ತೋಟದ ಕೆಲಸಕ್ಕೆ ಸಂಬಂಧಿಸಿದ ಎರಡು ಮಾತು. ಆಷಾಢದಲ್ಲಿ ನಮ್ಮ ಕಡೆ ಒಳಉಡುಪು ಪೂರ್ತಿ ಒಣಗುವುದೇ ಇಲ್ಲ. ಬಚ್ಚಲ ಒಲೆಯ ಮೇಲೆ ಹರವಿ ಬಿಸಿ ಮಾಡಿ, ಸ್ತರಗಳ ನಡುವೆ ತೇವ ಉಳಿದಿರುವಾಗಲೇ ತೊಡುತ್ತೇವೆ. ಇಸ್ತ್ರಿ ಹಾಕಿದರೆ ಉಳಿದ ತೇವವೂ ಹೋಗುತ್ತದೆ. ಎರಡನೆಯದು ಬೋರ್ಡೋ ಸಿಂಪಡಣೆ. ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣ ಪ್ಯಾಂಟಿಗೆ ಇಳಿದು ಮಧ್ಯಾಹ್ನದವರೆಗೂ ಮೈಗೆ ಅಂಟಿಕೊಂಡಿದ್ದರೆ ಗಟ್ಟಿ ಚರ್ಮವೂ ಕೆರಳುತ್ತದೆ, ಇನ್ನು ಆ ಭಾಗದ ಮಾತೇನು! ನಮ್ಮಲ್ಲಿ ಒಬ್ಬರಿಗೆ ಆದದ್ದು ಅಷ್ಟೇ. ಗಾಯ ತೊಳೆಯುವ ದ್ರಾವಣವನ್ನು ನೀರಿಗೆ ಬೆರೆಸಿ ದಿನವೂ ತೊಳೆದುಕೊಂಡು ಅದನ್ನು ಇನ್ನಷ್ಟು ಕೆಡಿಸಿಕೊಂಡರು. ಬಸ್ ನಿಲ್ದಾಣದ ಗೋಡೆಗಳಲ್ಲಿ ಗುಪ್ತರೋಗವೆಂದು ಬರೆಸಿಕೊಂಡವರ ಕಡೆಗಂತೂ ಹೋಗಬೇಡಿ.

ಮೂಡಿಗೆರೆಯ ಬೆಳೆಗಾರ:

ಇಬ್ಬರಿಗೂ ಧನ್ಯವಾದಗಳು. ಮುಲಾಮಿನಲ್ಲಿ ಕ್ಲೋಬೆಟಾಸಾಲ್ ಇರುವುದು ನಿಜ. ಸರ್, ತುದಿಯ ಮಚ್ಚೆಯ ಬಗ್ಗೆ ತಾವು ಏನನ್ನೂ ಹೇಳಲಿಲ್ಲ. ಅದು ಮೊದಲು ಕೆಂಪಾಗಿ ಉರಿದು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಹೋದ ವರ್ಷವೂ ಅದೇ ಜಾಗದಲ್ಲಿ ಹೀಗೇ ಆಗಿತ್ತು. ಎರಡು ಸಲವೂ ಭೇದಿಗೆಂದು ಮಾತ್ರೆ ನುಂಗಿದ್ದೆ.

ಚರ್ಮವೈದ್ಯ, ಹಾಸನ:

ಈ ವಿವರ ಬಹಳ ಉಪಯುಕ್ತ. ಒಂದೇ ಔಷಧಿ ಸೇವಿಸಿದಾಗಲೆಲ್ಲ ಅದೇ ಜಾಗದಲ್ಲಿ ಕೆಂಪಾಗಿ, ಕೆಲವೊಮ್ಮೆ ಗುಳ್ಳೆಯೆದ್ದು, ಬೂದುಗಂದು ಕಲೆ ಉಳಿಸಿ ಹೋಗುವ ಔಷಧ ಅಲರ್ಜಿಯೊಂದಿದೆ. ಶಿಶ್ನದ ತುದಿ ಅದಕ್ಕೆ ತೀರ ಸಾಮಾನ್ಯವಾದ ಸ್ಥಳ. ಕೋಟ್ರೈಮಾಕ್ಸಜೋಲ್, ಭೇದಿಗೆ ಕೊಡುವ ಕೆಲವು ಆ್ಯಂಟಿಬಯೋಟಿಕ್‌ಗಳು ಮತ್ತು ನೋವುನಿವಾರಕಗಳು ಇದಕ್ಕೆ ಕಾರಣವಾಗುತ್ತವೆ. ಆ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸುವವರೆಗೆ ಅದನ್ನು ಮತ್ತೆ ಸೇವಿಸಬೇಡಿ. ಪ್ರತಿ ಸಲ ಕಲೆಗಳ ಸಂಖ್ಯೆಯೂ ಗಾತ್ರವೂ ಹೆಚ್ಚಬಹುದು. ನೋವಿಲ್ಲದ ಹುಣ್ಣು ಇದ್ದರೆ, ಅಥವಾ ಬೇರೆ ಸಂಪರ್ಕದ ಅನುಮಾನವಿದ್ದರೆ, ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಸಿಫಿಲಿಸ್ ಮತ್ತು ಎಚ್‌ಐವಿಗಾಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಗೋಪ್ಯತೆ ಕಾಪಾಡುತ್ತಾರೆ.

ಸಕಲೇಶಪುರದ ಓದುಗ:

ನನ್ನದು ಬೇರೆ ಬಗೆ. ಮುಂದೊಗಲಿನ ಮೇಲೆ ಬಿಳಿ ಕಲೆಯಾಗಿದೆ, ಹಿಂದಕ್ಕೆ ಸರಿಸಲು ಬಿಗಿಯಾಗುತ್ತಿದೆ. ತೊನ್ನು ಇರಬಹುದೇ?

ಚರ್ಮವೈದ್ಯ, ಹಾಸನ:

ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಚರ್ಮದ ಮೃದುತನ ಉಳಿಯುತ್ತದೆ. ಬಿಳುಪಿನ ಜೊತೆ ಬಿಗಿತ ಸೇರಿಕೊಂಡರೆ ಲೈಕನ್ ಸ್ಕ್ಲೆರೋಸಸ್ ಎಂಬ ಸ್ಥಿತಿಯನ್ನು ಯೋಚಿಸಬೇಕು. ಇದು ಮೂತ್ರದ ದಾರಿಯನ್ನೂ ಕಿರಿದಾಗಿಸಬಹುದಾದ್ದರಿಂದ ತಡಮಾಡಬಾರದು. ಸ್ವಾರಸ್ಯವೆಂದರೆ, ಮೇಲೆ ನಾನು ಬೇಡವೆಂದ ಕ್ಲೋಬೆಟಾಸಾಲ್ ಇದಕ್ಕೆ ಮುಖ್ಯ ಔಷಧಿ, ಆದರೆ ವೈದ್ಯರ ನಿಗಾದಲ್ಲಿ ಮಾತ್ರ. ಬಿಗಿತದ ಜೊತೆ ಬಿರುಕುಗಳೂ ಇದ್ದರೆ ಸಕ್ಕರೆ ಪರೀಕ್ಷೆಯೂ ಆಗಲಿ: ಮಧುಮೇಹಿಗಳಲ್ಲಿ ತುದಿಯ ಕ್ಯಾಂಡಿಡಾ ಸೋಂಕು ಪದೇ ಪದೇ ಬರುತ್ತದೆ, ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆ ಸೇವಿಸುವವರಲ್ಲಿ ಇನ್ನೂ ಹೆಚ್ಚು. ಮೂತ್ರ ಹನಿಹನಿಯಾಗಿ ಬರುತ್ತಿದ್ದರೆ ಈ ವಾರವೇ ತೋರಿಸಿಕೊಳ್ಳಿ.